ನೀರಿನ ಗುಣಗಳನ್ನು ಕೈಯಾರೆ ಮಾಡಿ ನೋಡುವುದು ಹೇಗೆ

ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರಿನ ಬಗ್ಗೆ ಇಷ್ಟನ್ನು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ನೀರಿನಷ್ಟು ವಿಚಿತ್ರವಾದ ದ್ರವ ಇನ್ನೊಂದು ಸಿಗುವುದು ಕಷ್ಟ. ಅದನ್ನು ನೋಡೋಕೆ ಪ್ರಯೋಗಶಾಲೆಯೂ ಬೇಕಿಲ್ಲ.

ಶುರು ಮಾಡುವ ಮೊದಲು ಒಂದು ಸಂಗತಿ ತಲೆಯಲ್ಲಿರಲಿ. ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಮೂರೂ ನೇರ ಗೆರೆಯಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಕ್ಸಿಜನ್ ಕಡೆ ಸ್ವಲ್ಪ ಋಣ ವಿದ್ಯುದಂಶ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಹಾಗಾಗಿ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಹಿಡಿದುಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಂಧ. ಈ ಹಿಡಿತದ ಬಲ ಗೊತ್ತಾಗಬೇಕಾದರೆ, ಆಕ್ಸಿಜನ್ ಜಾಗದಲ್ಲಿ ಗಂಧಕ ಇರುವ ಹೈಡ್ರೋಜನ್ ಸಲ್ಫೈಡ್ ನೋಡಿ. ಅದರ ಅಣು ನೀರಿನ ಅಣುವಿಗಿಂತ ಭಾರ. ಆದರೂ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ನೀರು ಮಾತ್ರ 100 ಡಿಗ್ರಿವರೆಗೂ ಜಗ್ಗುವುದಿಲ್ಲ.

ಈ ಹಿಡಿತವನ್ನು ನೋಡಲು ಒಂದು ಸೂಜಿ ಸಾಕು. ಲೋಟವನ್ನು ಚೆನ್ನಾಗಿ ತೊಳೆಯಿರಿ, ಸೋಪಿನ ಅಂಶ ಚೂರೂ ಉಳಿಯಬಾರದು. ನೀರು ತುಂಬಿಸಿ, ಮೇಲೆ ಟಿಶ್ಯೂ ಪೇಪರಿನ ಸಣ್ಣ ತುಂಡು ತೇಲಿಬಿಡಿ. ಅದರ ಮೇಲೆ ಒಣಗಿದ ಸೂಜಿಯನ್ನು ಅಡ್ಡಲಾಗಿ ಇಡಿ. ಕಡ್ಡಿಯಿಂದ ಪೇಪರನ್ನು ಮೆಲ್ಲಗೆ ಕೆಳಗೆ ಒತ್ತಿ. ಪೇಪರ್ ಮುಳುಗುತ್ತದೆ, ಸೂಜಿ ಮೇಲೇ ನಿಲ್ಲುತ್ತದೆ. ಈಗ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ. ಸೂಜಿಯ ಎರಡೂ ಪಕ್ಕ ನೀರು ಹಾಸಿಗೆ ತಗ್ಗಿದ ಹಾಗೆ ತಗ್ಗಿರುತ್ತದೆ. ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಸಾಂದ್ರ, ಹಾಗಾಗಿ ಇದು ಮಾಮೂಲಿ ತೇಲುವಿಕೆ ಅಲ್ಲ. ಅದನ್ನು ಹೊತ್ತಿರುವುದು ಮೇಲ್ಮೈ ಎಳೆತ, ಅಂದರೆ ನೀರಿನ ಮೇಲ್ಪದರದ ಅಣುಗಳು ಒಂದನ್ನೊಂದು ಹಿಡಿದಿರುವ ಬಿಗಿ. ಅಂಚಿಗೆ ಒಂದು ತೊಟ್ಟು ಸೋಪಿನ ನೀರು ಮುಟ್ಟಿಸಿ, ಸೂಜಿ ತಕ್ಷಣ ತಳ ಸೇರುತ್ತದೆ.

ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ನಲ್ಲಿಯ ಸಣ್ಣ ಧಾರೆಯನ್ನು ಬಗ್ಗಿಸುವ ಪ್ರಯೋಗ ನಿಮಗೆ ಗೊತ್ತಿರಬಹುದು. ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಅಣುವಿನ ಎರಡು ತುದಿಗಳಿಗೆ ಅದು ಪುರಾವೆ ಎಂದು ಹೇಳುವುದು ವಾಡಿಕೆ, ಆದರೆ ನೀರಿನಲ್ಲಿ ಕರಗಿರುವ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಸರಿದಾಡುವುದರ ಪಾತ್ರ ಅಲ್ಲಿ ದೊಡ್ಡದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಂಜುಗಡ್ಡೆ. ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಗೆ 10 ಸೆಂಟಿಮೀಟರ್ ಎತ್ತರ ನೀರು ಹಾಕಿ, ಹೊರಗೆ ಪೆನ್ನಿನಿಂದ ಗೆರೆ ಎಳೆಯಿರಿ. ಮುಚ್ಚಳ ಹಾಕದೆ ಫ್ರೀಜರ್‌ನಲ್ಲಿಡಿ. ಗಾಜಿನ ಬಾಟಲಿ ಮಾತ್ರ ಬೇಡ, ಒಡೆಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ತೆಗೆದರೆ ಗಡ್ಡೆ ಗೆರೆ ದಾಟಿ ಹೆಚ್ಚುಕಮ್ಮಿ 11ರ ಹತ್ತಿರ ಬಂದಿರುತ್ತದೆ. ನಡುವೆ ಸ್ವಲ್ಪ ಉಬ್ಬಿರುವುದೂ ಉಂಟು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪ್ರತಿ ಅಣು ಸುತ್ತಲಿನ ನಾಲ್ಕನ್ನು ಹಿಡಿದು ನಿಲ್ಲುತ್ತದೆ, ಮಧ್ಯೆ ಖಾಲಿ ಜಾಗ ಉಳಿಯುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ಇದು ಉಲ್ಟಾ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೇ ಉಳಿಯುತ್ತದೆ. ಅದಕ್ಕೇ ಚಳಿ ದೇಶದ ಕೆರೆಗಳು ಮೇಲಿಂದ ಹೆಪ್ಪುಗಟ್ಟುತ್ತವೆ, ಕೆಳಗೆ ಮೀನುಗಳು ಬದುಕಿರುತ್ತವೆ. ಎಷ್ಟು ದೊಡ್ಡ ವಿಷಯ ಅಲ್ವಾ?

ಅದೇ ಗಡ್ಡೆಯನ್ನು ಪುಡಿ ಮಾಡಿ, ಸ್ವಲ್ಪ ನೀರಿನ ಜೊತೆ ಪಾತ್ರೆಗೆ ಹಾಕಿ, ತುಂಬಾ ಸಣ್ಣ ಉರಿಯಲ್ಲಿ ಕಲಕುತ್ತಾ ಇರಿ. ಥರ್ಮಾಮೀಟರ್ ಬೇಕು, ಆದರೆ ಜ್ವರ ನೋಡುವುದು ನಡೆಯುವುದಿಲ್ಲ. ಕೊನೆಯ ಚೂರು ಕರಗುವವರೆಗೂ ಅದು ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ಶಾಖವೆಲ್ಲ ಹಿಡಿತ ಸಡಿಲಿಸಲು ಖರ್ಚಾಗುತ್ತಿದೆ: ಒಂದು ಗ್ರಾಂ ಕರಗಲು ಸುಮಾರು 334 ಜೂಲ್. ಅಷ್ಟೇ ಶಾಖದಲ್ಲಿ ಒಂದು ಗ್ರಾಂ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಏರಿಸಬಹುದು! ಆವಿಯಾಗಲು ಇನ್ನೂ ಜಾಸ್ತಿ, ಗ್ರಾಂಗೆ ಸುಮಾರು 2,257 ಜೂಲ್. ಹಬೆ ತಾಗಿದರೆ ಅದೆಲ್ಲ ಚರ್ಮಕ್ಕೆ ಬರುತ್ತದೆ, ಹುಷಾರು.

ಇಷ್ಟೂ ಭೌತಿಕ ಬದಲಾವಣೆ, ನೀರು ನೀರಾಗಿಯೇ ಇತ್ತು. ನೀರನ್ನೇ ಒಡೆಯಬೇಕೆಂದರೆ 9 ವೋಲ್ಟ್ ಬ್ಯಾಟರಿ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಎರಡು ವೈರ್ ತೆಗೆದುಕೊಳ್ಳಿ. ಶುದ್ಧ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಒಂದು ಚಮಚ ಅಡುಗೆ ಸೋಡ ಕರಗಿಸಿ. ಉಪ್ಪು ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಮನೆಯ ಪ್ಲಗ್ಗಿನ ಕರೆಂಟ್ ಅಂತೂ ಬೇಡವೇ ಬೇಡ. ಪೆನ್ಸಿಲ್‌ಗಳನ್ನು ಒಂದಕ್ಕೊಂದು ತಾಗದಂತೆ ನೀರಿಗಿಳಿಸಿ, ಮೇಲಿನ ಸೀಸದ ತುದಿಗಳಿಗೆ ವೈರ್ ಸುತ್ತಿ ಬ್ಯಾಟರಿಗೆ ಜೋಡಿಸಿ. ಮೈನಸ್ ಕಡೆ ಗುಳ್ಳೆ ಜಾಸ್ತಿ, ಅದು ಹೈಡ್ರೋಜನ್. ಪ್ಲಸ್ ಕಡೆ ಕಮ್ಮಿ, ಅದು ಬಹುತೇಕ ಆಕ್ಸಿಜನ್. ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು 1800ರಲ್ಲಿ ಬ್ಯಾಟರಿಯಿಂದ ನೀರನ್ನು ಒಡೆದಾಗ ಕಂಡದ್ದೂ ಇದೇ ಎರಡು ಅನಿಲಗಳನ್ನು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಐದು ನಿಮಿಷ ನೋಡಿ ವೈರ್ ಬಿಚ್ಚಿಬಿಡಿ. ಉಳಿದ ಸೋಡಾ ನೀರನ್ನು ಸಿಂಕಿಗೆ ಸುರಿಯಬಹುದು.