ಟೆಕ್ಸಾಸ್‌ನಲ್ಲಿ ಹೊಸ ಮನೆ: ಕ್ಲೋಸಿಂಗ್‌ಗೆ ಮುಂಚೆ ಯಾರು ಏನು ನೋಡುತ್ತಾರೆ?

ಡಲ್ಲಾಸ್‌ನ ಉತ್ತರಕ್ಕೆ ಫ್ರಿಸ್ಕೋ, ಪ್ರಾಸ್ಪರ್, ಸೆಲೈನಾ ಕಡೆ ಹೊಸ ಮನೆ ಬುಕ್ ಮಾಡಿದ ನಮ್ಮವರು ಕ್ಲೋಸಿಂಗ್‌ಗೆ (ಕೊನೆಯ ಸಹಿ ಹಾಕಿ ಮನೆ ನಮ್ಮ ಹೆಸರಿಗೆ ಬರುವ ದಿನ) ಮುಂಚಿನ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ. "ಸಿಟಿಯವರು ನೋಡಿದ್ದಾರೆ, ಬ್ಯಾಂಕಿನವರೂ ನೋಡಿದ್ದಾರೆ, ಇನ್ನೊಬ್ಬ ಇನ್ಸ್‌ಪೆಕ್ಟರ್‌ಗೆ ಸುಮ್ನೆ ಯಾಕೆ ದುಡ್ಡು?" ಯಾಕೆಂದರೆ ಆ ಇಬ್ಬರೂ ನಿಮಗಾಗಿ ಬಂದವರಲ್ಲ.

ಸಿಟಿ ಇನ್ಸ್‌ಪೆಕ್ಟರ್ ನೋಡುವುದು ಕೋಡ್, ಅಂದರೆ ಕಟ್ಟಡದ ನಿಯಮ, ಕೇಳುವ ಕನಿಷ್ಠ ಮಟ್ಟ ಮಾತ್ರ. ಪಾಸಾದರೆ ವಾಸಕ್ಕೆ ಅನುಮತಿ ಸಿಗುತ್ತದೆ. ಟೈಲ್ಸ್ ಟೊಳ್ಳು ಸದ್ದು ಮಾಡುತ್ತದಾ, ಬಾಗಿಲು ಸರಿಯಾಗಿ ಕೂರುತ್ತದಾ ಎಂಬುದು ಅವರ ತಲೆನೋವಲ್ಲ.

ಬ್ಯಾಂಕಿಗಾಗಿ ಮನೆಗೆ ಬೆಲೆ ಕಟ್ಟುವ ಅಪ್ರೈಸರ್ ಕಥೆಯೇ ಬೇರೆ. ಫೀಸು ನಿಮ್ಮದು, ಆದರೆ ಕರೆಸುವುದು ಸಾಲ ಕೊಡುವ ಲೆಂಡರ್. ಮನೆ ಇನ್ನೂ ಕಟ್ಟುತ್ತಿರುವಾಗಲೇ ಪ್ಲಾನ್ ನೋಡಿ, ಅಕ್ಕಪಕ್ಕದಲ್ಲಿ ಮಾರಾಟವಾದ ಮನೆಗಳ ಲೆಕ್ಕ ಹಿಡಿದು ಬೆಲೆ ಕಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಬಂದು ಫೋಟೋ ತೆಗೆದು ಕೆಲಸ ಪೂರ್ತಿಯಾಗಿದೆ ಎಂಬ ಫಾರಂ ತುಂಬುತ್ತಾರೆ. ಲೆಂಡರ್ "ಫೈನಲ್ ಇನ್ಸ್‌ಪೆಕ್ಷನ್ ಆಯ್ತು" ಅನ್ನುವುದು ಇದಕ್ಕೇ. ಪ್ಲಾನ್‌ನಲ್ಲಿ ಇದ್ದದ್ದು ಕಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ. ಚೆನ್ನಾಗಿ ಕಟ್ಟಿದ್ದಾರೆ ಎಂದಲ್ಲ.

ಅಪ್ರೈಸಲ್ ಕಡಿಮೆ ಬಂದರೆ? ಒಪ್ಪಂದದ ಬೆಲೆ 6 ಲಕ್ಷ ಡಾಲರ್, ಅಪ್ರೈಸಲ್ 5.8 ಲಕ್ಷ ಅಂದುಕೊಳ್ಳಿ. ಲೆಂಡರ್ ಚಿಕ್ಕ ಮೊತ್ತವನ್ನೇ ಹಿಡಿಯುತ್ತಾರೆ. ಶೇ. 80 ಸಾಲ ಅಂದರೆ 4.64 ಲಕ್ಷ. ಕೈಯಿಂದ 1.2 ಲಕ್ಷ ಹಾಕಿದರೆ ಸಾಕು ಅಂದುಕೊಂಡಿದ್ದವರು ಈಗ 1.36 ಲಕ್ಷ ತರಬೇಕು. ಬಿಲ್ಡರ್‌ಗಳು ತಮ್ಮದೇ ಕಾಂಟ್ರಾಕ್ಟ್ ಬಳಸುವುದು ಜಾಸ್ತಿ. ಅಪ್ರೈಸಲ್ ಕಡಿಮೆಯಾದರೆ ಹಿಂದೆ ಸರಿಯುವ ಅವಕಾಶ ಅದರಲ್ಲಿ ಇದೆಯಾ ಅಂತ ಸಹಿ ಹಾಕುವ ಮುಂಚೆಯೇ ನೋಡಿ. ಬಿಲ್ಡರ್‌ನ ಡಿಸೈನ್ ಸೆಂಟರ್‌ನಲ್ಲಿ ಟೈಲ್ಸ್, ಕ್ಯಾಬಿನೆಟ್ ಅಂತ ಸುರಿದ ಅಪ್‌ಗ್ರೇಡ್ ದುಡ್ಡು ಪೂರ್ತಿಯಾಗಿ ಅಪ್ರೈಸಲ್ ಬೆಲೆಯಲ್ಲಿ ಕಾಣುವುದು ಅಪರೂಪ. ಅಪ್ರೈಸಲ್ ರಿಪೋರ್ಟಿನ ನಕಲು ಕ್ಲೋಸಿಂಗ್‌ಗೆ ಕನಿಷ್ಠ 3 ಕೆಲಸದ ದಿನ ಮುಂಚೆ ಸಿಗಬೇಕು, ಅದು ನಿಮ್ಮ ಹಕ್ಕು. ಅಳತೆ ತಪ್ಪಿದ್ದರೆ, ಹೊಂದದ ಮನೆಗಳಿಗೆ ಹೋಲಿಸಿದ್ದರೆ ಲೆಂಡರ್ ಮೂಲಕ ಮರುಪರಿಶೀಲನೆ ಕೇಳಿ. ಅಪ್ರೈಸರ್‌ಗೆ ನೀವೇ ಫೋನ್ ಮಾಡಿ ಬೆಲೆ ಏರಿಸಿ ಅನ್ನಲು ಹೋಗಬೇಡಿ.

ಅಂದಹಾಗೆ, ಗೃಹಪ್ರವೇಶದ ಮುಹೂರ್ತ. ಬಿಲ್ಡರ್ ಹೇಳಿದ ತಾರೀಖು ನಂಬಿ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸಬೇಡಿ. ಕ್ಲೋಸಿಂಗ್ ಆಗುವ ತನಕ ಮನೆ ಬಿಲ್ಡರ್‌ದು, ಅಲ್ಲಿಯವರೆಗೆ ಹಾಲು ಉಕ್ಕಿಸೋ ಹಾಗಿಲ್ಲ. ದಿನ ಮುಂದೆ ಹೋದರೆ ಸಾಲದ ಬಡ್ಡಿ ದರ ಏರದಂತೆ ಹಿಡಿದಿಟ್ಟ ಲಾಕ್ ಮುಗಿದು, ಮುಂದುವರಿಸಲು ಮತ್ತೆ ದುಡ್ಡು ಕೊಡಬೇಕಾಗಬಹುದು. ಇಟ್ಟುಕೊಳ್ಳುವಾಗ ಎರಡು ಮೂರು ಮುಹೂರ್ತ ಇಟ್ಟುಕೊಳ್ಳಿ.

ಇನ್ನು ನಿಮ್ಮ ಪರವಾಗಿ ನೋಡುವವರು. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ಲೈಸೆನ್ಸ್ ಇರುವ ಇನ್ಸ್‌ಪೆಕ್ಟರ್ ಹಿಡಿಯಿರಿ. ಬಿಲ್ಡರ್ ಕಡೆಯವರು ಸೂಚಿಸಿದವರು ಬೇಡ. ಕಾಂಕ್ರೀಟ್ ಸುರಿಯುವ ಮುಂಚೆ, ಶೀಟ್‌ರಾಕ್ (ಒಳಗೋಡೆಯ ಹಲಗೆ) ಹೊಡೆಯುವ ಮುಂಚೆ, ಕೊನೆಗೆ, ಹೀಗೆ ಮೂರು ಸಲ ಮಾಡಿಸುವುದು ಒಳ್ಳೆಯದು. ನನ್ನ ಕೇಳಿದರೆ ಶೀಟ್‌ರಾಕ್‌ಗೆ ಮುಂಚಿನದನ್ನಂತೂ ಬಿಡಲೇಬೇಡಿ. ವೈರು, ಪೈಪು, ಗೋಡೆಯೊಳಗಿನ ಮರದ ಚೌಕಟ್ಟು ಕಾಣುವುದು ಆಗ ಮಾತ್ರ.

ಕೊನೆಯ ತಪಾಸಣೆಯಲ್ಲಿ ನೀವೂ ಜೊತೆಗಿರಿ. ಗುರುತಿಗೆ ಅಂಟಿಸುವ ನೀಲಿ ಟೇಪ್ ಹಿಡಿದು ಬಣ್ಣದ ಕಲೆ ಹುಡುಕುವುದರಲ್ಲೇ ನಮ್ಮವರ ಸಮಯ ಹೋಗುತ್ತದೆ. ಅದನ್ನು ಆಮೇಲೂ ಮಾಡಬಹುದು. ಮೊದಲು ಹೊರಗೆ ನಡೆಯಿರಿ. ಇಲ್ಲಿನ ಜೇಡಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಫೌಂಡೇಶನ್‌ಗೆ ಅದೇ ಶತ್ರು. ಗೋಡೆಯಿಂದ 10 ಅಡಿಗೆ 6 ಇಂಚು ಇಳಿಜಾರಿರಬೇಕು. ಮಳೆ ಬಂದ ಮರುದಿನ ಹೋಗಿ ನೋಡಿದರೆ ಎಲ್ಲಿ ನೀರು ನಿಂತಿದೆ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಇನ್ಸ್‌ಪೆಕ್ಟರ್‌ನ ಅಟಿಕ್ (ಚಾವಣಿ ಕೆಳಗಿನ ಅಟ್ಟ) ಹತ್ತಿಸಿ: ಇನ್ಸುಲೇಶನ್ ಸಮನಾಗಿದೆಯಾ, ಏಸಿ ಡಕ್ಟ್ ಕಳಚಿದೆಯಾ ನೋಡಿಸಿ.

ಬಿಲ್ಡರ್ ಪರವಾಗಿ ಕೆಲಸ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ "ಕ್ಲೋಸಿಂಗ್ ಆದ ಮೇಲೆ ಮಾಡಿಕೊಡ್ತೀವಿ" ಅಂದರೆ ತಾರೀಖು ಹಾಕಿಸಿ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ವಾರಂಟಿ ಸಾಮಾನ್ಯವಾಗಿ ಕೆಲಸಗಾರಿಕೆಗೆ 1 ವರ್ಷ, ಪ್ಲಂಬಿಂಗ್, ವೈರಿಂಗ್‌ಗೆ 2, ಕಟ್ಟಡದ ರಚನೆಗೆ 10. ಆ ಮೊದಲ ವರ್ಷ ಮುಗಿಯುವ ಮುಂಚೆ, 11ನೇ ತಿಂಗಳಲ್ಲಿ, ಅದೇ ಇನ್ಸ್‌ಪೆಕ್ಟರ್‌ನ ಮತ್ತೆ ಕರೆಸಿ, ರಿಪೋರ್ಟನ್ನು ಬಿಲ್ಡರ್‌ಗೆ ಕಳಿಸಿ.