ಖಾಲಿ ಬೆಡ್‌ಗೂ ದುಡ್ಡು: ಅರಿಜೋನಾ ಖಾಸಗಿ ಜೈಲುಗಳ ಲೆಕ್ಕ ನೋಡಿದ ನನ್ನ ಅನುಭವ

ನಾನು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಅಕೌಂಟೆಂಟ್, ಶನಿವಾರ ಭಾನುವಾರ ಇಲ್ಲಿನ ಒಂದು ಸಣ್ಣ ಗುಂಪಿಗೆ ಖಾಸಗಿ ಜೈಲುಗಳ ಲೆಕ್ಕ ನೋಡಿಕೊಡ್ತೀನಿ. ಜೈಲು ನಡೆಸೋ ಕೆಲಸ ಖಾಸಗಿ ಕಂಪನಿಗೆ ಕೊಡಬೇಕಂದ್ರೆ ರಾಜ್ಯಕ್ಕೆ ಖರ್ಚು ಉಳೀಬೇಕು ಅಂತ ಅರಿಜೋನಾ ಕಾನೂನೇ ಹೇಳುತ್ತೆ, ಆದ್ರೆ ಉಳೀತೋ ಇಲ್ವೋ ಅಂತ ಯಾರಾದ್ರೂ ಕೂತು ನೋಡ್ಬೇಕಲ್ಲ.

ಮೊದಲು ನಾನು ತಪ್ಪು ಮಾಡಿದೆ, ಸರ್ಕಾರಿ, ಖಾಸಗಿ ಎರಡು ಕಡೆ ಒಬ್ಬ ಖೈದಿಗೆ ದಿನಕ್ಕೆ ಎಷ್ಟು ಖರ್ಚು ಅಂತ ನೇರವಾಗಿ ಪಕ್ಕಪಕ್ಕ ಇಟ್ಟುಬಿಟ್ಟೆ. ಅದು ಸರಿಯಲ್ಲ, ಯಾಕಂದ್ರೆ ಜಾಸ್ತಿ ಕಾಯಿಲೆ ಇರೋ ಖೈದಿಗಳನ್ನ ಖಾಸಗಿ ಜೈಲಿಗೆ ಕಳಿಸಲ್ಲ, ಅವರ ಆಸ್ಪತ್ರೆ ಖರ್ಚೆಲ್ಲ ಸರ್ಕಾರಿ ಜೈಲಿನ ತಲೆ ಮೇಲೇ ಬೀಳುತ್ತೆ. ಆ ಥರದ ವ್ಯತ್ಯಾಸ ಸರಿಮಾಡಿ ಜೈಲು ಇಲಾಖೆಯವರೇ 2010ರ ಲೆಕ್ಕ ಕೊಟ್ಟಿದ್ರು: ಮಿನಿಮಮ್ ಕಸ್ಟಡೀಲಿ (ಕಡಿಮೆ ಕಾವಲು ಸಾಕಾಗೋ ಖೈದಿಗಳು) ಎರಡೂ ಹೆಚ್ಚುಕಮ್ಮಿ ಸಮ, ಮೀಡಿಯಂನಲ್ಲಿ (ಮಧ್ಯಮ ಕಾವಲು) ಒಬ್ಬರಿಗೆ ದಿನಕ್ಕೆ ಸರ್ಕಾರಿ ಜೈಲಿಗೆ 48.42 ಡಾಲರ್, ಖಾಸಗಿಗೆ 53.02. ಒಬ್ಬ ಖೈದಿಗೆ ವರ್ಷಕ್ಕೆ 1,600 ಡಾಲರ್ ಮೇಲೇ ಜಾಸ್ತಿ ಆಯ್ತು! ಉಳಿತಾಯ ಎಲ್ಲಿ?

ಇದಕ್ಕಿಂತ ದೊಡ್ಡ ವಿಷ್ಯ ಬೆಡ್ ಗ್ಯಾರಂಟಿ, ಅಂದ್ರೆ ಖೈದಿಗಳು ಕಮ್ಮಿ ಇದ್ರೂ ಇಷ್ಟು ಬೆಡ್‌ಗೆ ದುಡ್ಡು ಕೊಟ್ಟೇ ಕೊಡ್ತೀವಿ ಅಂತ ರಾಜ್ಯ ಕಂಪನಿಗೆ ಕಾಂಟ್ರಾಕ್ಟ್‌ನಲ್ಲಿ ಕೊಡೋ ಮಾತು. ಉದಾಹರಣೆಗೆ 1,000 ಬೆಡ್, 90% ಗ್ಯಾರಂಟಿ, ದಿನಕ್ಕೆ 50 ಡಾಲರ್ ಅಂದ್ಕೊಳ್ಳಿ, ಒಳಗಿರೋದು 850 ಜನ ಆದ್ರೂ ಬಿಲ್ ಆಗೋದು 900ಕ್ಕೆ, ಅಂದ್ರೆ ಯಾರೂ ಮಲಗದ 50 ಬೆಡ್‌ಗೆ ದಿನಕ್ಕೆ 2,500 ಡಾಲರ್. ಅರಿಜೋನಾದ ಕಿಂಗ್‌ಮನ್ ಖಾಸಗಿ ಜೈಲಿನಲ್ಲಿ ಆಗಿದ್ದು ಇನ್ನೂ ಬೇಜಾರಿನ ಕಥೆ. 2010ರ ಜುಲೈನಲ್ಲಿ ಅಲ್ಲಿಂದ 3 ಖೈದಿಗಳು ತಪ್ಪಿಸ್ಕೊಂಡ್ರು, ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಗಂಡ ಹೆಂಡತಿ ಇಬ್ಬರು ಆ ತಪ್ಪಿಸ್ಕೊಂಡವರ ಕೈಲಿ ಕೊಲೆಯಾದ್ರು, ಭದ್ರತೆ ಸರಿ ಇಲ್ಲ ಅಂತ ರಾಜ್ಯ ಹೊಸಬರನ್ನ ಕಳಿಸೋದು ನಿಲ್ಲಿಸ್ತು, ಆಗ ಕಂಪನಿಯವರು 97% ಗ್ಯಾರಂಟಿ ತೋರಿಸಿ ದುಡ್ಡು ಕೇಳಿದ್ರು, ಕೊನೆಗೆ ರಾಜ್ಯ 30 ಲಕ್ಷ ಡಾಲರ್ ಕೊಡ್ತು. ಕಾವಲು ಸರಿಯಿಲ್ಲದ ಜೈಲಿಗೆ ಜನರ ತೆರಿಗೆ ದುಡ್ಡು! ಇದನ್ನ ಓದಿದ ದಿನ ನಂಗೆ ನಿದ್ದೆ ಬರ್ಲಿಲ್ಲ.

2012ರಲ್ಲಿ ಸರ್ಕಾರಿ ಖಾಸಗಿ ಖರ್ಚು ಹೋಲಿಸಿ ವರದಿ ಕೊಡಬೇಕು ಅನ್ನೋ ನಿಯಮಾನೇ ಶಾಸನಸಭೆ ತೆಗೆದುಹಾಕ್ತು. ಇದು ಶುದ್ಧ ಅನ್ಯಾಯ ಅಂತ ನನ್ನ ಅಭಿಪ್ರಾಯ, ಅಳೆಯೋ ಕೋಲನ್ನೇ ಮುರಿದ್ರೆ ಕಾನೂನು ಇದ್ದೂ ಇಲ್ಲದ ಹಾಗೆ.

ಹಾಗಾಗಿ ನಾವೇ ಕೇಳಿ ತರಿಸ್ಕೊಳ್ತೀವಿ, ನಮ್ಮ ಆರ್‌ಟಿಐ ಥರ ಇಲ್ಲೂ ದಾಖಲೆ ಕೇಳೋ ಕಾನೂನಿದೆ. ಬರೀ ಕಾಂಟ್ರಾಕ್ಟ್ ಕೇಳಿದ್ರೆ ಸಾಲಲ್ಲ, ಆಮೇಲೆ ಮಾಡಿದ ತಿದ್ದುಪಡಿಗಳು, ತಿಂಗಳ ಬಿಲ್‌ಗಳು, ದಿನದ ತಲೆ ಲೆಕ್ಕ, ಮೂರನ್ನೂ ಹೆಸರು ಹಿಡಿದು ಕೇಳಿ. ನಾನು ಎಕ್ಸೆಲ್‌ನಲ್ಲಿ ಮೊದಲು ಹಾಕೋದು ಎರಡೇ ಕಾಲಂ, ಒಳಗಿದ್ದವರು ಎಷ್ಟು, ಬಿಲ್ ಆಗಿದ್ದು ಎಷ್ಟು ಜನಕ್ಕೆ.