ಓವರ್‌ಕ್ಲಾಕ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಜನವರಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಓವರ್‌ಕ್ಲಾಕ್ (ಪ್ರೊಸೆಸರನ್ನು ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು) ಏಪ್ರಿಲ್ ಬರುತ್ತಲೇ ಕೈಕೊಟ್ಟರೆ ಕಾರವಾರ, ಕುಮಟಾ ಕಡೆಯವರು ಆಶ್ಚರ್ಯಪಡಬೇಕಿಲ್ಲ. ಗೇಮ್ ಆಡುವಾಗ ಬ್ಲೂ ಸ್ಕ್ರೀನ್, ವಿಡಿಯೊ ಎಡಿಟ್ ಮಾಡುವಾಗ ಹ್ಯಾಂಗ್. ಆಗ ಬಹಳ ಜನ ನೇರವಾಗಿ ಬಯಾಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ ವೋಲ್ಟೇಜ್ ಏರಿಸುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ತಪ್ಪು ಎಲ್ಲಿದೆ ಎಂದು ಗೊತ್ತಾಗಲಿ.

ಮೊದಲು ಎಲ್ಲವನ್ನೂ ಮೂಲ ಸ್ಥಿತಿಗೆ ತನ್ನಿ. ಈಗಿನ ಬಯಾಸ್ ಸೆಟ್ಟಿಂಗ್‌ಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಅಸ್ಥಿರ ಪ್ರೊಸೆಸರ್ ಸದ್ದಿಲ್ಲದೆ ಫೈಲ್ ಕೆಡಿಸಬಲ್ಲದು. ಆಮೇಲೆ ಬಯಾಸ್‌ನಲ್ಲಿ ಡಿಫಾಲ್ಟ್ ಲೋಡ್ ಮಾಡಿ. ಕಂಪ್ಯೂಟರ್ ಆನ್ ಆಗುತ್ತಲೇ ಇಲ್ಲವೆ? ಪ್ಲಗ್ ಕಿತ್ತು, ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ.

ಹೀಗೆ ಕೆಲವು ದಿನ ಬಳಸಿ. ಈಗಲೂ ಕ್ರ್ಯಾಶ್ ಆದರೆ ತಪ್ಪು ಓವರ್‌ಕ್ಲಾಕ್‌ನದ್ದಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಸಾಲಿನ ಹಲವು ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದಾಗಿ ಓವರ್‌ಕ್ಲಾಕ್ ಇಲ್ಲದೆಯೂ ಅಸ್ಥಿರವಾದವು. 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಸಣ್ಣ ತಂತ್ರಾಂಶ) ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಜಾಸ್ತಿ ಮಾಡಿತು. ಆ ಪರಿಹಾರ ಇರುವ, ಮದರ್‌ಬೋರ್ಡ್ ಕಂಪನಿಯ ಹೊಸ ಬಯಾಸ್ ಹಾಕಿಕೊಳ್ಳಿ. ಆದರೆ ಆಗಲೇ ಕೆಟ್ಟ ಚಿಪ್ ಅದರಿಂದ ಸರಿಯಾಗುವುದಿಲ್ಲ, ವಾರಂಟಿಗೇ ಕೊಡಬೇಕು.

ಹೇಗೆ ಕ್ರ್ಯಾಶ್ ಆಯಿತು ಎಂದು ನೋಡಿ. ಬ್ಲೂ ಸ್ಕ್ರೀನ್ ಇಲ್ಲದೆ, ಕರೆಂಟು ಹೋದಂತೆ ಒಮ್ಮೆಲೇ ಆಫ್ ಆದರೆ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟು ಕೊಡುವ ಪೆಟ್ಟಿಗೆ), ಮನೆಯ ವೋಲ್ಟೇಜ್ ಅಥವಾ ಅತಿಯಾದ ಬಿಸಿಯ ಮೇಲೆ ಅನುಮಾನಪಡಿ. ಶಿರಸಿ, ಸಿದ್ದಾಪುರದ ಕಡೆ ಗುಡುಗು-ಮಳೆಯ ದಿನ ವೋಲ್ಟೇಜ್ ಕುಣಿಯುವುದು ಹೊಸದೇನಲ್ಲ. ಒಳ್ಳೆಯ ಯುಪಿಎಸ್ ಇಲ್ಲದೆ ಅಂಥ ದಿನ ಟೆಸ್ಟ್ ಮಾಡಿದರೆ ಏನೂ ತಿಳಿಯುವುದಿಲ್ಲ.

ಬ್ಲೂ ಸ್ಕ್ರೀನ್ ಬಂದಿದ್ದರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ 'ಡಬ್ಲ್ಯುಎಚ್‌ಇಎ-ಲಾಗರ್' (WHEA-Logger, ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಎಂಬ ಹೆಸರು ಹುಡುಕಿ. ಐಡಿ 19 ಎಂದಿದ್ದರೆ ತಪ್ಪು ನಡೆದಿದೆ, ಹಾರ್ಡ್‌ವೇರ್ ಅದನ್ನು ಸರಿಪಡಿಸಿಕೊಂಡಿದೆ. ಐಡಿ 18 ಎಂದರೆ ಸರಿಪಡಿಸಲಾಗದ ತಪ್ಪು. ಅದರ ಜೊತೆ ಎಪಿಐಸಿ ಐಡಿ ಎಂಬ ಸಂಖ್ಯೆ ಇರುತ್ತದೆ. ಯಾವ ಕೋರ್ ಎಡವಿತು ಎಂಬ ಸುಳಿವು ಅದು. ಪ್ರತಿ ಸಲವೂ ಅದೇ ಸಂಖ್ಯೆ ಬಂದರೆ ಕಳ್ಳ ಸಿಕ್ಕಂತೆಯೇ! ಎಎಂಡಿಯ ರೈಜನ್ ಪ್ರೊಸೆಸರ್‌ನಲ್ಲಿ ಕರ್ವ್ ಆಪ್ಟಿಮೈಜರ್ (ಮೈನಸ್ ಅಂಕಿ ಕೊಟ್ಟು ಕೋರ್‌ಗಳ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಬಳಸುವವರು ಆ ಒಂದು ಕೋರ್‌ನ ಮೈನಸ್ ಅಂಕಿಯನ್ನು ಸೊನ್ನೆಯ ಕಡೆಗೆ ತಂದರೆ ಸಾಕಾಗಬಹುದು. ಇಂಥ ಮೆಷಿನ್‌ಗಳು ಭಾರ ಹಾಕಿದಾಗ ಸರಿಯಿದ್ದು, ಸುಮ್ನೆ ಬಿಟ್ಟಾಗ ಬೀಳುವುದೂ ಉಂಟು.

ಆಮೇಲೆ ಬಿಸಿ. ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 8 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ನಮಗಾಗುವ ಸೆಕೆ ಪ್ರೊಸೆಸರ್‌ಗೆ ಆಗುವುದಿಲ್ಲ, ಅದಕ್ಕೆ ಬೆವರಿಲ್ಲ. ಆದರೆ ತೇವದ ಗಾಳಿಯಲ್ಲಿ ಕೂಲರ್‌ನ ತೆಳು ತಗಡುಗಳ ನಡುವೆ ಧೂಳು ಅಂಟಿ ಕೂರುತ್ತದೆ. ಫ್ಯಾನ್ ಕಳಚಿ ನೋಡಿ: ಎಷ್ಟೋ ಸಲ ಫ್ಯಾನಿನ ಕೆಳಗೆ ಬೂದು ಬಣ್ಣದ ಪದರವೇ ಇರುತ್ತದೆ. ಬ್ರಶ್‌ನಿಂದ ತೆಗೆದು, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಸಮುದ್ರದ ಹತ್ತಿರದ ಮನೆಯಾದರೆ ರ್‍ಯಾಮ್ ಕೂಡ ತೆಗೆದು, ಅದರ ಹಳದಿ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ.

ಈಗ ಓವರ್‌ಕ್ಲಾಕ್ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಏರಿಸಿ. ರ್‍ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಸೆಟ್ಟಿಂಗ್ ಆಫ್ ಇರಲಿ. ಅದೂ ಒಂದು ಓವರ್‌ಕ್ಲಾಕೇ. ಪ್ರೊಸೆಸರ್ ತಪ್ಪೋ ರ್‍ಯಾಮ್ ತಪ್ಪೋ ಎಂದು ಬೇರ್ಪಡಿಸುವ ಸುಲಭ ದಾರಿ ಇದೇ. ಪ್ರೊಸೆಸರ್ ಗಟ್ಟಿಯಾದ ಮೇಲೆ ಅದನ್ನು ಆನ್ ಮಾಡಿ, ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ.

48ರ ಮಲ್ಟಿಪ್ಲೈಯರ್‌ನಲ್ಲಿ (100 ಮೆಗಾಹರ್ಟ್ಸ್‌ನ ಎಷ್ಟು ಪಟ್ಟು ವೇಗ ಎಂಬ ಅಂಕಿ), ಅಂದರೆ 4.8 ಗಿಗಾಹರ್ಟ್ಸ್‌ನಲ್ಲಿ ಬೀಳುತ್ತಿದ್ದರೆ 47ಕ್ಕೆ ಇಳಿಸಿ. ಕಳೆದುಕೊಳ್ಳುವ ವೇಗ ಸುಮಾರು ಶೇ 2. ದಿನದ ಬಳಕೆಯಲ್ಲಿ ಗೊತ್ತೇ ಆಗುವುದಿಲ್ಲ. ವೋಲ್ಟೇಜನ್ನು 1.25ರಿಂದ 1.35 ವೋಲ್ಟ್‌ಗೆ ಏರಿಸಿದರೆ ಮಾತ್ರ ಅದೇ ವೇಗಕ್ಕೆ ಸುಮಾರು ಶೇ 17ರಷ್ಟು ಜಾಸ್ತಿ ಬಿಸಿ. ನನ್ನನ್ನು ಕೇಳಿದರೆ ನಮ್ಮ ಕರಾವಳಿಗೆ ಒಂದು ಮೆಟ್ಟಿಲು ಇಳಿಯುವುದೇ ಸರಿ. ಏರಿಸಲೇಬೇಕು ಎಂದಾದರೆ ಒಂದು ಸಲಕ್ಕೆ 0.01 ವೋಲ್ಟ್ ಸಾಕು. ಲೋಡ್ ಲೈನ್ ಕ್ಯಾಲಿಬ್ರೇಶನ್ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ಮಧ್ಯದ ಹಂತದಲ್ಲಿರಲಿ. ತೀರಾ ಹೆಚ್ಚಿನ ಹಂತದಲ್ಲಿ ಭಾರ ಇಳಿದ ಕ್ಷಣ ವೋಲ್ಟೇಜ್ ಚಿಮ್ಮುತ್ತದೆ.

ಪ್ರತಿ ಬದಲಾವಣೆಯ ನಂತರ ಪ್ರೊಸೆಸರ್ ಮೇಲೆ ಭಾರ ಹಾಕಿ ಪರೀಕ್ಷಿಸುವ ಒಸಿಸಿಟಿ ಅಥವಾ ಪ್ರೈಮ್95 ಓಡಿಸಿ, ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ತಾಪಮಾನ ನೋಡುತ್ತಿರಿ. ಭಾರದಲ್ಲಿ 85 ಡಿಗ್ರಿಯೊಳಗೆ ಇದ್ದರೆ ನೆಮ್ಮದಿ. ವೇಗ ಅಳೆಯುವ ಸಿನೆಬೆಂಚ್ ಒಂದು ಸಲ ಪಾಸಾಯಿತೆಂದು ನಂಬಬೇಡಿ. ಕೊನೆಯ ಟೆಸ್ಟ್ ಮಾತ್ರ ಮಧ್ಯಾಹ್ನ 2 ಗಂಟೆಗೆ, ಎಸಿ ಇಲ್ಲದ ಕೋಣೆಯಲ್ಲಿ ಆಗಲಿ. ಅಲ್ಲಿ ಪಾಸಾದ ಸೆಟ್ಟಿಂಗನ್ನು ಬಯಾಸ್‌ನಲ್ಲಿ ಪ್ರೊಫೈಲ್ ಆಗಿ ಸೇವ್ ಮಾಡಿಕೊಳ್ಳಿ. ಬಯಾಸ್ ಅಪ್‌ಡೇಟ್ ಆದರೆ ಪ್ರೊಫೈಲ್ ಅಳಿಸಿಹೋಗಬಹುದು, ಹಾಗಾಗಿ ಅಂಕಿಗಳನ್ನು ಕಾಗದದಲ್ಲೂ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿಡಿ.